ಪಡುವಣ ದಿಕ್ಕಿನ ಬೆಂಕಿ ರೇಖೆ

ನಾರ್ತ್ ಕೊರಿಂತ್, ವರ್ಮಾಂಟ್
೪ ಏಪ್ರಿಲ್ ೧೮೮೬

ಚಿರಂಜೀವಿ ಲೊವೀನಾಳಿಗೆ ಸೋದರತ್ತೆ ಮಾಡುವ ಆಶೀರ್ವಾದ.

ಇಲ್ಲಿ ಕರ್ತನ ಕೃಪೆಯಿಂದ ಕ್ಷೇಮ. ಮೇಪಲ್ ಮರಗಳಿಂದ ಈ ಸಲ ರಸ ಇಳಿದದ್ದು ಕಡಿಮೆ. ಪಾಕ ಕಾಯಿಸುವ ಕೊಟ್ಟಿಗೆಯ ಹೊಗೆ ಆಗಲೇ ನಿಂತಿದೆ. ನೀನು ಶಾಲೆಯ ಕೆಲಸ ಬಿಟ್ಟು ಡಕೋಟದ ಬಯಲಿಗೆ ಹೊರಟ ದಿನ ಈ ಮನೆಯ ಮೆಟ್ಟಿಲ ಮೇಲೆ ನಾನಾಡಿದ ಕಠಿಣ ಮಾತುಗಳನ್ನು ನೀನು ಎಂದೂ ಎತ್ತಿ ಆಡಲಿಲ್ಲ. ನಾನೂ ಈಗ ಎತ್ತುವುದಿಲ್ಲ.

ನಿನಗೆ ತಿಳಿಸಬೇಕಾದ ಸಂಗತಿಯೊಂದಿದೆ. ‘ಗೃಹದೀಪಿಕೆ’ ವಾರಪತ್ರಿಕೆಯಲ್ಲಿ ನನ್ನ ಹೊಸ ಧಾರಾವಾಹಿ ಈ ತಿಂಗಳಿಂದ ಆರಂಭವಾಗಿದೆ. ಹೆಸರು ‘ಬಯಲಿನ ಒಂಟಿ ದೀಪ’. ಎಂದಿನಂತೆ ಡಿ. ವಿಟ್‌ಕಮ್ ಎಂದೇ ಸಹಿ. ಓದುಗರು ಅದನ್ನು ಯಾರೋ ವೃದ್ಧ ಪಾದ್ರಿಗಳ ಬರಹವೆಂದು ಭಾವಿಸಿದರೆ ನಾನು ತಿದ್ದಲು ಹೋಗುವುದಿಲ್ಲ. ಕಥೆಯ ನಾಯಕಿ ಕ್ಲಾರಿಂಡಾ, ಸರ್ಕಾರದ ದರಖಾಸ್ತು ಜಮೀನನ್ನು ತಾನೊಬ್ಬಳೇ ಸಾಗುವಳಿ ಮಾಡುತ್ತಿರುವ ಅವಿವಾಹಿತೆ. ಅವಳ ಮನೆ, ಅವಳ ಬಾವಿ, ಅವಳ ಕಿವುಡು ನಾಯಿ, ಎಲ್ಲವನ್ನೂ ನಿನ್ನ ಪತ್ರಗಳಿಂದ ಪಡೆದಿದ್ದೇನೆ. ಮೊದಲೇ ಕೇಳಬೇಕಿತ್ತು. ಕೇಳಿದ್ದರೆ ಬೇಡವೆನ್ನುತ್ತಿದ್ದೆಯೇನೋ.

ನಿನ್ನ ಬದುಕಿನ ಧೈರ್ಯವನ್ನು ನಾನು ಕಡೆಗಣಿಸಿಲ್ಲ. ಆದರೆ ಒಂಟಿತನವು ಹೆಣ್ಣಿನ ಕಥೆಗೆ ನಡುವಿನ ಅಧ್ಯಾಯವಾಗಬಹುದೇ ಹೊರತು ಕಡೆಯ ಅಧ್ಯಾಯವಾಗಲಾರದೆಂಬುದು ನನ್ನ ನಂಬಿಕೆ. ವಿಪತ್ತು ಬರಬೇಕು, ಆ ವಿಪತ್ತಿನಲ್ಲಿ ದೈವಭಕ್ತನಾದ ನೆರೆಯವನೊಬ್ಬ ಕುದುರೆಯೇರಿ ಬರಬೇಕು. ಮೂವತ್ತು ವರ್ಷಗಳಿಂದ ಓದುಗರು ನನ್ನಿಂದ ಬಯಸಿದ್ದು ಅದನ್ನೇ.

ನಿನ್ನ ಮನೆಯ ಎರಡು ಮಂಚಗಳ ವ್ಯವಸ್ಥೆಯೆಂದು ಹಿಂದೆ ಬರೆದಿದ್ದೆಯಲ್ಲ, ಅದನ್ನು ಇನ್ನಷ್ಟು ವಿವರವಾಗಿ ಬರೆ. ಸಂಪಾದಕರಿಗೆ ಅದು ಬಹಳ ಹಿಡಿಸಿದೆ.

ನಿನ್ನನ್ನು ಪ್ರತಿದಿನ ಪ್ರಾರ್ಥನೆಯಲ್ಲಿ ನೆನೆಯುವ
ಅತ್ತೆ, ಡೋರ್ಕಸ್ ವಿಟ್‌ಕಮ್

*

ಬೆಲ್‌ಫರ್ಡ್ ಬಳಿ, ಡಕೋಟ
೧೬ ಮೇ ೧೮೮೬

ಪೂಜ್ಯ ಅತ್ತೆಯವರಿಗೆ ಲೊವೀನಾಳ ನಮಸ್ಕಾರಗಳು.

ನೀವು ಬರೆಯುವ ಮೊದಲೇ ಸುದ್ದಿ ಇಲ್ಲಿ ತಲುಪಿತ್ತು. ಬೆಲ್‌ಫರ್ಡಿನ ಅಂಗಡಿಯ ಮಿಸೆಸ್ ಪೀವಿಯವರು ‘ಗೃಹದೀಪಿಕೆ’ ತರಿಸುತ್ತಾರೆ. ಟಪಾಲು ಒಡೆಯುವ ದಿನ ಕಾಫಿ ಕಾಯಿಸಿ ಬಂದವರಿಗೆಲ್ಲ ಓದಿ ಹೇಳುತ್ತಾರೆ. ನಾನು ಸೀಮೆಎಣ್ಣೆಗೆ ಹೋದಾಗ ಎಲ್ಲರೂ ಒಮ್ಮೆಲೇ ನನ್ನತ್ತ ತಿರುಗಿದರು. ಮಿಸೆಸ್ ಪೀವಿಯವರು ಕನ್ನಡಕದ ಮೇಲಿಂದ ನೋಡಿ, “ಏನಮ್ಮಾ, ನಿನ್ನ ಬಾಗಿಲಿಗೆ ನೀಲಿ ಬಣ್ಣ. ಕ್ಲಾರಿಂಡಾ ಬಾಗಿಲಿಗೂ ನೀಲಿ ಬಣ್ಣ. ನಿನ್ನ ನಾಯಿಗೆ ಕಿವಿ ಕೇಳಲ್ಲ. ಅವಳ ನಾಯಿಗೂ ಕೇಳಲ್ಲ. ನೀನೂ ವಿಟ್‌ಕಮ್, ಬರೆದೋನೂ ವಿಟ್‌ಕಮ್. ನಾವೇನು ಇಲ್ಲಿ ಹುಲ್ಲು ತಿಂತೀವಾ?” ಎಂದರು. ನಗದೆ ಬೇರೆ ದಾರಿಯಿರಲಿಲ್ಲ.

ನನಗೆ ಬೇಸರವಾಗಿದ್ದು ಒಂದಕ್ಕೇ. ಎರಡನೆಯ ಕಂತಿನಲ್ಲಿ ಹಾವನ್ನು ಕಂಡು ಕ್ಲಾರಿಂಡಾ ಮೂರ್ಛೆ ಹೋಗುತ್ತಾಳೆ. ಇಲ್ಲಿ ಮೂರ್ಛೆ ಹೋದರೆ ಎತ್ತುವವರಿಲ್ಲ, ಅತ್ತೆ. ನಾವು ಗುದ್ದಲಿ ತಂದು ಹಾವು ಹೊಡೆದು, ಮತ್ತೆ ಹಿಟ್ಟು ನಾದಲು ಹೋಗುತ್ತೇವೆ.

ಮಂಚಗಳ ವಿಚಾರ ಕೇಳಿದಿರಿ. ಗುನ್‌ಹಿಲ್ಡ್ ಟ್ವೆಟ್ ಎಂಬ ನಾರ್ವೆಯ ಹೆಣ್ಣುಮಗಳ ಜಮೀನೂ ನನ್ನದೂ ಒತ್ತಿನಲ್ಲಿವೆ. ಕಾನೂನಿನಂತೆ ಅವರವರು ಅವರವರ ನೆಲದ ಮೇಲೆಯೇ ವಾಸಿಸಬೇಕು. ಇಬ್ಬರು ಹೆಂಗಸರು ಎರಡು ಮನೆ ಕಟ್ಟಿ ಒಬ್ಬೊಬ್ಬರೇ ಚಳಿಗಾಲ ಕಳೆಯುವುದು ಹೇಗೆ? ಆದ್ದರಿಂದ ಸರಹದ್ದಿನ ಮೇಲೆಯೇ ಹುಲ್ಲುಬೇರು ಸಮೇತ ಕಡಿದ ಮಣ್ಣಿನ ಹೆಂಟೆಯ ಗೋಡೆಯ ಒಂದು ಮನೆ ಎಬ್ಬಿಸಿದೆವು. ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದೇವೆ. ಗೆರೆಯ ಆಚೆ ಅವಳ ಮಂಚ, ಈಚೆ ಪಡುವಣ ಗೋಡೆಗೆ ಒತ್ತಿ ನನ್ನ ಮಂಚ. ಒಲೆ ಗೆರೆಯ ಮೇಲೆ. ಇಲ್ಲಿ ಹೀಗೆ ಕಟ್ಟಿಕೊಂಡವರು ಹಲವರಿದ್ದಾರೆ, ಭೂಕಚೇರಿಯವರೂ ಒಪ್ಪುತ್ತಾರೆ.

ಬರುವ ನವೆಂಬರಿಗೆ ನನ್ನ ಐದು ವರ್ಷ ತುಂಬುತ್ತದೆ. ಇಬ್ಬರು ನೆರೆಯವರು ಬಂದು, ಇವಳು ಇಲ್ಲೇ ಇದ್ದಳು, ಉತ್ತಳು ಎಂದು ಸಾಕ್ಷಿ ನುಡಿದರೆ ಹಕ್ಕುಪತ್ರ ಕೈಗೆ ಬರುತ್ತದೆ. ಒಬ್ಬ ಸಾಕ್ಷಿ ಗುನ್‌ಹಿಲ್ಡ್. ಇನ್ನೊಬ್ಬರು ಪಡುವಣ ದಿಕ್ಕಿನ ನೆರೆಯವರಾದ ಏಮ್ರಿ ಸ್ಟ್ರೌಡ್ ಎಂದು ಬರೆಸಿದ್ದೇನೆ. ಷಿಕಾಗೋದ ಬಟ್ಟೆಯಂಗಡಿಯಲ್ಲಿದ್ದವರು, ಬಂದು ಎರಡು ವರ್ಷವಾಯಿತು. ಅವರ ಬಾವಿಯ ನೀರು ಕ್ಷಾರ, ದನವೂ ಮುಟ್ಟುವುದಿಲ್ಲ. ನಮ್ಮ ಬಾವಿಯಿಂದಲೇ ಒಯ್ಯುತ್ತಾರೆ. ಸಭ್ಯ ಮನುಷ್ಯ, ಅರ್ಧ ಮೈಲಿ ದೂರದಿಂದಲೇ ಟೋಪಿ ಎತ್ತುತ್ತಾರೆ.

ನಮ್ಮ ಎತ್ತುಗಳಲ್ಲಿ ಒಂದು ಮಾರ್ಚಿಯಲ್ಲಿ ಸತ್ತಿತು. ಮನೆಯ ಸುತ್ತಲಿನ ಬೆಂಕಿ ರೇಖೆಯನ್ನು, ಅಂದರೆ ಕಾಡುಕಿಚ್ಚು ದಾಟದಂತೆ ಹುಲ್ಲು ಮಗುಚಿ ಉಳುವ ಪಟ್ಟಿಯನ್ನು, ಮೂರು ಕಡೆ ಉತ್ತಾಗಿತ್ತು, ಪಡುವಣ ದಿಕ್ಕು ಹಾಗೇ ಉಳಿಯಿತು. ಸೆಪ್ಟೆಂಬರಿನಲ್ಲಿ ಗುನ್‌ಹಿಲ್ಡ್ ಒಕ್ಕಣೆಗೆಂದು ಅಣ್ಣನ ಮನೆಗೆ ಹೋಗುತ್ತಾಳೆ. ಆಗ ಗೆರೆಯ ಎರಡೂ ಬದಿ ನನ್ನದೇ ರಾಜ್ಯ.

ಇಂತಿ ನಿಮ್ಮ
ಲೊವೀನಾ

*

ನಾರ್ತ್ ಕೊರಿಂತ್
೨೦ ಜೂನ್ ೧೮೮೬

ಚಿರಂಜೀವಿ ಲೊವೀನಾಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಸಂಜೆಯ ಪ್ರಾರ್ಥನೆಯ ನಂತರ ಗಟ್ಟಿಯಾಗಿ ಓದಿಕೊಂಡೆ. ಸುಣ್ಣದ ಗೆರೆ, ಪಡುವಣ ಗೋಡೆಯ ಮಂಚ, ಉಳದೆ ಉಳಿದ ರೇಖೆ, ಗೆಳತಿಯ ಒಕ್ಕಣೆಯ ಪ್ರಯಾಣ, ಇವೆಲ್ಲವೂ ಮುಂದಿನ ಕಂತುಗಳಲ್ಲಿ ಬರುತ್ತವೆ. ಮೂರ್ಛೆಯ ಬಗ್ಗೆ ನೀನೆಂದದ್ದು ಸರಿಯಿರಬಹುದು. ಆದರೆ ಓದುಗನು ಮರುಗಬೇಕಾದರೆ ನಾಯಕಿಯು ಒಮ್ಮೆಯಾದರೂ ಕೈಚೆಲ್ಲಬೇಕು. ಕೈಚೆಲ್ಲದ ಹೆಣ್ಣನ್ನು ಜನ ಮೆಚ್ಚುತ್ತಾರೆ, ಪ್ರೀತಿಸುವುದಿಲ್ಲ. ನಾನು ಇದನ್ನು ಓದಿ ತಿಳಿದದ್ದಲ್ಲ.

ಒಂದು ಸಂತೋಷದ ಸಮಾಚಾರ. ನಿನ್ನ ನೆರೆಯ ಸ್ಟ್ರೌಡರು ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾಗದ ಬರೆದಿದ್ದಾರೆ. ಎಂಥ ಅಚ್ಚುಕಟ್ಟಾದ ಅಕ್ಷರ, ಎಂಥ ವಿನಯ. ಪ್ರತಿ ಕಂತನ್ನೂ ಎರಡೆರಡು ಸಲ ಓದುವರಂತೆ. ಕ್ಲಾರಿಂಡಾ ಯಾರೆಂದು ಊಹಿಸಿದ್ದಾರೆ. ನಾನು ಅಲ್ಲಗಳೆಯಲಿಲ್ಲ. ಆಕೆಯ ಮೇಲೆ ಬರಲಿರುವ ವಿಪತ್ತು ಎಂಥದು, ನೆರೆಯವನು ಯಾವ ದಾರಿಯಿಂದ ಬರುತ್ತಾನೆ ಎಂದು ಬಹಳ ಕಾತರದಿಂದ ಕೇಳಿದ್ದರು. ಓದುಗರಿಗೆ ಮೊದಲೇ ಹೇಳುವ ಪದ್ಧತಿ ನನಗಿಲ್ಲ. ಆದರೂ ದೂರದ ಬಯಲಿನಲ್ಲಿ ಒಬ್ಬಂಟಿಯಾಗಿರುವ ಭಕ್ತನಿಗೆ ಅಷ್ಟು ಸಮಾಧಾನವನ್ನು ನಿರಾಕರಿಸಲಾರದೆ ಬರೆದೆ: ಸುಗ್ಗಿಯ ಹೊತ್ತಿನಲ್ಲಿ ಪಡುವಣದಿಂದ ಕಾಡುಕಿಚ್ಚು ಬರುವುದು, ಸವಾರನು ಹಳ್ಳದ ಪಾತ್ರದೊಳಗೆ ಇಳಿದು, ಅದರ ಆಸರೆಯಲ್ಲಿ ಬಂದು ಅವಳನ್ನು ಪಾರುಮಾಡುವನು.

ನಿನ್ನ ಒಂಟಿತನಕ್ಕೆ ದೇವರು ಹೀಗೊಂದು ಉತ್ತರವನ್ನು ಸಿದ್ಧಪಡಿಸುತ್ತಿರಬಹುದೇ ಎಂದು ನಾನು ಯೋಚಿಸಿದರೆ ಮುನಿಯಬೇಡ.

ಹಿತವನ್ನೇ ಬಯಸುವ
ಅತ್ತೆ

*

ಬೆಲ್‌ಫರ್ಡ್ ಬಳಿ
೨೫ ಜುಲೈ ೧೮೮೬

ಪೂಜ್ಯ ಅತ್ತೆಯವರಿಗೆ,

ದಯವಿಟ್ಟು ಸ್ಟ್ರೌಡರಿಗೆ ಇನ್ನು ಉತ್ತರ ಬರೆಯಬೇಡಿ.

ನಿಮ್ಮ ಕಾಗದ ಬರುವ ಮೊದಲೇ ಏನೋ ಬದಲಾಗಿತ್ತು, ಏನೆಂದು ನನಗೆ ತಿಳಿದಿರಲಿಲ್ಲ. ಅವರು ನನ್ನನ್ನು ಕ್ಲಾರಿಂಡಾ ಎಂದು ಕರೆಯುತ್ತಾರೆ. ಮೊದಲ ಸಲ ತಮಾಷೆಯೆಂದುಕೊಂಡೆ. ಕಳೆದ ವಾರ ಬೆಳಗ್ಗೆ ನೀರಿಗೆ ಬಂದವರು ಬಾಗಿಲು ತಟ್ಟಲಿಲ್ಲ. ಹೊರಗಿನಿಂದ ಪಡುವಣ ಗೋಡೆಯನ್ನು, ಸರಿಯಾಗಿ ನನ್ನ ತಲೆದಿಂಬಿನ ಹತ್ತಿರ, ಬೆರಳಿನಿಂದ ತಟ್ಟಿದರು. ಹೆಂಟೆಯ ಗೋಡೆ ಎಷ್ಟು ದಪ್ಪವಿದ್ದರೂ ಅದು ಕೇಳುತ್ತದೆ. ಗುನ್‌ಹಿಲ್ಡ್ ಹೊರಗೆ ಹೋಗಿ, “ಬಾಗಿಲು ಈ ಕಡೆ ಇದೆ ಸ್ವಾಮಿ, ನೀಲಿ ಬಣ್ಣ, ಊರಿಗೆಲ್ಲ ಗೊತ್ತು” ಎಂದಳು. ಅವರು ಟೋಪಿ ಎತ್ತಿ, “ಎದ್ದಿದ್ದಾರಾ ಅಂತ ನೋಡಿದೆ ಅಷ್ಟೇ. ನೀವು ಒಕ್ಕಣೆಗೆ ಹೋದ ಮೇಲೆ ನೋಡ್ಕೊಳ್ಳೋರು ಬೇಕಲ್ಲ” ಎಂದರು. ಅವರು ಹೋದಮೇಲೆ ಅವಳು, “ಆ ಮನುಷ್ಯ ನಕ್ಕರೆ ನನ್ನ ಹಾಲು ಒಡೆದುಹೋಗುತ್ತೆ” ಎಂದು ಬಕೆಟ್ಟನ್ನು ಒಳಗಿಟ್ಟಳು.

ಅಂಗಡಿಯಲ್ಲಿ ಗಂಡಸರು ನನಗೆ ದಾರಿ ಬಿಡುವ ರೀತಿಯೇ ಬೇರೆಯಾಗಿದೆ. “ಊಟ ಯಾವಾಗ ಹಾಕಿಸ್ತೀಯಾ?” ಎಂದು ಮಿಸೆಸ್ ಪೀವಿಯವರೇ ಕೇಳಿದರು. ಯಾವ ಊಟವೆಂದೆ. “ಅಯ್ಯೋ, ಏನೂ ಗೊತ್ತಿಲ್ಲದೋಳು. ಏಮ್ರಿ ಹೊಸ ಕೋಟು ಹೊಲಿಸ್ತಿದಾನೆ” ಎಂದರು. ನಾನು ಅವರನ್ನು ಮದುವೆಯಾಗುವುದಿಲ್ಲ, ಅತ್ತೆ. ಅವರು ಕೇಳಿಯೂ ಇಲ್ಲ. ಕೇಳದೆಯೇ ಆಗಿಹೋದಂತಿದೆ. ಅವರಿಗೂ ದರಖಾಸ್ತು ಜಮೀನಿದೆ, ನನಗೂ ಇದೆ. ಗಂಡಹೆಂಡಿರಾದವರು ಎರಡು ಕಡೆ ವಾಸ ಹೂಡುವಂತಿಲ್ಲ. ನವೆಂಬರಿಗೆ ಮೊದಲು ಮದುವೆಯೆಂದರೆ ಒಂದನ್ನು ಬಿಡಬೇಕು. ಯಾರದನ್ನು ಬಿಡಿಸುತ್ತಾರೆ, ಯಾರ ಬಾವಿ ಯಾರಿಗಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕೆ?

ಇನ್ನೊಂದು ಮಾತು. ಹಳ್ಳವೆಂದರೆ ನಿಮಗೆ ನಿಮ್ಮ ಊರಿನ ಹಳ್ಳ ಕಣ್ಣಮುಂದೆ ಬಂದಿರಬೇಕು, ಮೊಳಕಾಲುದ್ದ ತಣ್ಣೀರು, ಪಾಚಿಗಲ್ಲು. ಇಲ್ಲಿ ಆಗಸ್ಟಿಗೆ ಹನಿ ನೀರಿರುವುದಿಲ್ಲ. ಆಳೆತ್ತರದ ಒಣ ಜೊಂಡು ನಿಂತಿರುತ್ತದೆ. ಕಿಚ್ಚು ಬಂದರೆ ಮೊದಲು ಓಡುವುದೇ ಹಳ್ಳದೊಳಗೆ. ಆ ಅಧ್ಯಾಯ ಅಚ್ಚಾಗುವ ಮೊದಲು ದಯವಿಟ್ಟು ತಿದ್ದಿ. ಯಾವ ಹುಡುಗಿಯಾದರೂ ಅದನ್ನು ನಂಬಿ ಇಳಿದಾಳು.

ಕ್ಲಾರಿಂಡಾ ಪಡುವಣ ದಿಕ್ಕನ್ನೂ ಉತ್ತಳೆಂದು, ಅವಳ ಗೆಳತಿ ಎಲ್ಲಿಗೂ ಹೋಗಲಿಲ್ಲವೆಂದು ಮುಂದಿನ ಕಂತಿನಲ್ಲಿ ಬರೆಯಿರಿ. ನಿಮ್ಮಿಂದ ನಾನು ಬೇಡುವುದು ಅಷ್ಟೇ. ಇಲ್ಲಿ ಅದನ್ನು ಓದುವವರು ಓದುತ್ತಾರೆ.

ನಿಮ್ಮ
ಲೊವೀನಾ

*

ನಾರ್ತ್ ಕೊರಿಂತ್
೨೨ ಆಗಸ್ಟ್ ೧೮೮೬

ಚಿರಂಜೀವಿ ಲೊವೀನಾಳಿಗೆ,

ನಿನ್ನ ಪತ್ರ ತಲುಪಿದಾಗ ನಾನು ಜ್ವರದಿಂದ ಮಲಗಿದ್ದೆ. ಉತ್ತರ ತಡವಾಯಿತು.

ಸೆಪ್ಟೆಂಬರ್ ಕಡೆಯವರೆಗಿನ ಕಂತುಗಳು ಜೂನಿನಲ್ಲಿಯೇ ಸಂಪಾದಕರ ಕೈ ಸೇರಿವೆ. ತಿದ್ದಿ ಕಳುಹಿಸಿದರೆ ಕೂಡಿಸಿದ ಅಚ್ಚುಮೊಳೆಗಳನ್ನೆಲ್ಲ ಒಡೆಯಬೇಕಾಗುತ್ತದೆಂದು ಅವರು ಬರೆದರು. ಅಲ್ಲದೆ, ಇದ್ದದ್ದನ್ನು ಇಲ್ಲವೆಂದು, ಇಲ್ಲದ್ದನ್ನು ಇದೆಯೆಂದು ಒಬ್ಬ ನೆರೆಯವನ ಕಣ್ಣು ತಪ್ಪಿಸಲು ಬರೆಯುವುದು ಕಥೆಯಾಗುತ್ತದೆಯೇ, ಸುಳ್ಳಾಗುತ್ತದೆಯೇ? ಈ ಪ್ರಶ್ನೆಯನ್ನು ಹಾಸಿಗೆಯಲ್ಲಿ ಬಹಳ ಹೊತ್ತು ಯೋಚಿಸಿದೆ. ಕಥೆಯನ್ನು ಜನ ಓದಿ ಮಡಚಿಡುತ್ತಾರೆ, ಅದರಂತೆ ಯಾರೂ ನಡೆಯುವುದಿಲ್ಲವೆಂಬ ಧೈರ್ಯದಿಂದ ಇಷ್ಟು ವರ್ಷ ಬರೆದವಳು ನಾನು.

ಸ್ಟ್ರೌಡರಿಗೆ ಇನ್ನು ಬರೆಯುವುದಿಲ್ಲ. ಗೋಡೆ ತಟ್ಟಿದ ಸಂಗತಿ ನನಗೆ ಹಿಡಿಸಲಿಲ್ಲ.

ನಿನ್ನಿಂದ ಒಂದನ್ನು ಮರೆಮಾಚಲಾರೆ. ನಿನ್ನ ಪತ್ರ ಬರುವ ಮೊದಲು ಅವರಿಂದ ಇನ್ನೊಂದು ಕಾಗದ ಬಂದಿತ್ತು. ಕ್ಲಾರಿಂಡಾಳ ಗೆಳತಿ ಹೊರಡುವುದು ಸೆಪ್ಟೆಂಬರಿನ ಮೊದಲ ವಾರದಲ್ಲೋ ಎರಡನೆಯದರಲ್ಲೋ ಎಂದು ಕೇಳಿದ್ದರು. ನಾನು, ಎರಡನೆಯದು ಎಂದು ಬರೆದೆ.

ಬಾಗಿಲಿಗೆ ಅಗಳಿ ಹಾಕಿಕೊಂಡು ಮಲಗು.

ಅತ್ತೆ

*

ಬೆಲ್‌ಫರ್ಡ್ ಬಳಿ
೧೨ ಸೆಪ್ಟೆಂಬರ್ ೧೮೮೬

ಪೂಜ್ಯ ಅತ್ತೆಯವರಿಗೆ,

ಗುನ್‌ಹಿಲ್ಡ್ ನಿನ್ನೆ ಹೋದಳು. ಬೇಡವೆಂದು ನಾನು ಹೇಳಲಿಲ್ಲ. ಅವಳ ಅಣ್ಣನ ಹೆಂಡತಿ ತುಂಬು ಬಸುರಿ. ಗಾಡಿ ಹತ್ತಿದವಳು ಮತ್ತೆ ಇಳಿದು ಬಂದು, “ಹೇ, ಕೊಡಲಿ ನನ್ನ ಕಡೆ ಇದೆ. ಗೆರೆ ದಾಟಿ ತಗೋ, ಭೂಕಚೇರಿಗೆ ನಾನು ಹೇಳಲ್ಲ” ಎಂದಳು.

ನಾನು ಸುಮ್ಮನೆ ಕುಳಿತಿಲ್ಲ. ಎತ್ತಿಲ್ಲದಿದ್ದರೂ ಗುದ್ದಲಿಯಿದೆ. ಆಗಸ್ಟಿನುದ್ದಕ್ಕೂ ಪಡುವಣ ದಿಕ್ಕಿನ ನೆಲವನ್ನು ಕೈಯಿಂದಲೇ ಅಗೆದು ತಿರುವಿಹಾಕಿದ್ದೇನೆ. ಕಿರಿದಾದ ಪಟ್ಟಿ. ಹೊರಬದಿಯ ಹುಲ್ಲನ್ನು ಬೇಕೆಂದೇ ಕೊಯ್ಯದೆ ಬಿಟ್ಟಿದ್ದೇನೆ, ಆಚೆಯಿಂದ ನೋಡುವವರಿಗೆ ಅಗೆದದ್ದು ಕಾಣದಂತೆ.

ಮಳೆಯಿಲ್ಲ. ಗಾಳಿ ಪಡುವಣದ್ದು. ಈ ಬೆಳಗ್ಗೆಯಿಂದ ಸ್ಟ್ರೌಡರು ತಮ್ಮ ಬಣವೆಗಳ ಸುತ್ತ ಉಳುತ್ತಿದ್ದಾರೆ. ಬಂದ ಎರಡು ವರ್ಷಗಳಲ್ಲಿ ಅವರು ಬೆಂಕಿ ರೇಖೆ ಉತ್ತದ್ದನ್ನು ನಾನು ನೋಡಿಲ್ಲ. ಮೈಮೇಲೆ ಹೊಸ ಕೋಟಿದೆ.

ಟಪಾಲಿನ ಗಾಡಿ ಬರುತ್ತಿದೆ. ಇದನ್ನು ಕೊಟ್ಟುಬಿಡುತ್ತೇನೆ.

ಲೊವೀನಾ

*

ಬೆಲ್‌ಫರ್ಡ್ ಬಳಿ
೩ ಅಕ್ಟೋಬರ್ ೧೮೮೬

ಪೂಜ್ಯ ಅತ್ತೆಯವರಿಗೆ,

ನಿಮ್ಮ ತಂತಿಗಳಿಗೆ ಉತ್ತರ ಕೊಡಲಾಗಲಿಲ್ಲ; ಬಲಗೈಗೆ ಬಟ್ಟೆ ಸುತ್ತಿತ್ತು. ಈಗ ಬರೆಯಬಲ್ಲೆ. ಬದುಕಿದ್ದೇನೆ. ಮನೆ ನಿಂತಿದೆ. ಕಿವುಡು ನಾಯಿ ಹೋಯಿತು.

ಆ ಕಾಗದ ಕೊಟ್ಟ ಮರುದಿನ ಮಧ್ಯಾಹ್ನ ಪಡುವಣದಲ್ಲಿ ಹೊಗೆಯೆದ್ದಿತು. ಮಿಂಚಿರಲಿಲ್ಲ, ಗುಡುಗಿರಲಿಲ್ಲ, ರೈಲಿನ ಹಾದಿ ಇರುವುದು ಬೇರೆ ದಿಕ್ಕಿಗೆ. ಅಗೆದ ಪಟ್ಟಿಯ ಹೊರಬದಿಗೆ ನಾನೇ ಬೆಂಕಿ ಹಚ್ಚಿ, ಒದ್ದೆ ಗೋಣಿಯಿಂದ ಈಚೆ ಬಾರದಂತೆ ಬಡಿಯುತ್ತ, ಸಾಧ್ಯವಾದಷ್ಟು ನೆಲವನ್ನು ಕರಿಮಾಡಿಕೊಂಡೆ. ದೊಡ್ಡ ಕಿಚ್ಚು ಬಂದಾಗ ಅದಕ್ಕೆ ಅಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ. ಅದು ಎರಡಾಗಿ ಸೀಳಿ ಮನೆಯ ಎರಡೂ ಮಗ್ಗುಲಲ್ಲಿ ಹಾದುಹೋಯಿತು. ಒಂದು ಸೀಳು ಹಳ್ಳಕ್ಕಿಳಿಯಿತು.

ಅಷ್ಟರಲ್ಲಿ ಹಳ್ಳದೊಳಗಿನಿಂದ ಕುದುರೆಯ ಕೂಗು ಕೇಳಿಸಿತು. ಮನುಷ್ಯನ ಕೂಗೂ ಕೇಳಿಸಿತು, ಕ್ಲಾರಿಂಡಾ ಎಂದು.

ನಾನು ಹೋಗದೆ ಇರಬಹುದಿತ್ತು. ನೀವು ಸಾಕಿದ ಹುಡುಗಿ ಹೋಗದೆ ಇರುವುದು ಆಗಲಿಲ್ಲ. ಒದ್ದೆ ರಜಾಯಿ ಹೊದ್ದು ಇಳಿದೆ. ಕುದುರೆ ಅವರನ್ನು ಕೆಡವಿ ಓಡಿತ್ತು. ಕಾಲು ಹಿಡಿದು ಕರಿನೆಲದವರೆಗೆ ಎಳೆದು ತಂದೆ. ಅವರ ಎರಡು ಕೈಗಳೂ ಸುಟ್ಟಿದ್ದವು. ಕಣ್ಣು ತೆರೆದು ನನ್ನನ್ನು ನೋಡಿ, “ಬಂದೆ ನೋಡಿ. ಹೇಳಿದ ದಾರೀಲೇ ಬಂದೆ” ಎಂದರು.

ಈಗ ಅವರು ಮಿಸೆಸ್ ಪೀವಿಯವರ ಮಹಡಿಯಲ್ಲಿದ್ದಾರೆ. ನನ್ನನ್ನು ಉಳಿಸಲು ಕಿಚ್ಚಿಗೆ ಹಾರಿದರೆಂದು ಊರೆಲ್ಲ ಹೇಳುತ್ತಿದೆ. ನಾನು ನಡೆದದ್ದನ್ನು ಹೇಳಿದೆ. ಜನ ತಲೆಯಾಡಿಸಿ, ಪಾಪ, ಹೆದರಿ ತಲೆ ಕೆಟ್ಟಿದೆಯೆಂದರು. ಅವರ ಬಣವೆಯ ಒಂದು ಕಡ್ಡಿಯೂ ಸುಡಲಿಲ್ಲ. ಕಿಚ್ಚು ಎದ್ದದ್ದೇ ಅವರ ಹೊಸ ಸಾಲುಗಳ ಈಚೆಯಿಂದ. ಅದನ್ನೂ ಹೇಳಿದೆ. “ಮುಂದಾಲೋಚನೆ ಇರೋ ಗಂಡಸು” ಎಂದರು. ಬೆಂಕಿಯಾದ ಹತ್ತನೆಯ ದಿನಕ್ಕೆ ನಿಮ್ಮ ಕಿಚ್ಚಿನ ಕಂತು ಬಂತು. ಅಂಗಡಿಯಲ್ಲಿ ಹೆಂಗಸರು ಅತ್ತರಂತೆ. ನನ್ನನ್ನು ನಂಬಿದವಳು ಗುನ್‌ಹಿಲ್ಡ್ ಒಬ್ಬಳೇ. ಕಿಚ್ಚಿನ ಮರುದಿನ ಗಾಡಿಗೂ ಕಾಯದೆ ನಡೆದೇ ಬಂದಳು.

ಪಾದ್ರಿಗಳು ಬಂದು ಮದುವೆಗೆ ದಿನ ಗೊತ್ತುಮಾಡೋಣವೆಂದರು. ಸ್ಟ್ರೌಡರು ಅವರ ಮೂಲಕ ಹೇಳಿಕಳಿಸಿದ್ದಾರೆ: ನವೆಂಬರಿನಲ್ಲಿ ಸಾಕ್ಷಿ ಹೇಳಲು ತಮಗೆ ಅಭ್ಯಂತರವಿಲ್ಲ, ಆದರೆ ಕಥೆ ಮುಗಿದಮೇಲೆ. ಕಥೆಯ ಕಡೆಯ ಕಂತಿನಲ್ಲಿ ಏನಾಗುತ್ತದೆಂದು ಎಲ್ಲರೂ ಬಲ್ಲರು. ಅವರ ಬದಲು ಬೇರೆ ಯಾರನ್ನು ಕೇಳಿದರೂ ನೆಲ ನೋಡುತ್ತಾರೆ.

ನನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲ, ಅತ್ತೆ. ಇವರು ನಂಬುವುದು ನಿಮ್ಮೊಬ್ಬರನ್ನೇ.

ಲೊವೀನಾ

*

ನಾರ್ತ್ ಕೊರಿಂತ್
೧೪ ಅಕ್ಟೋಬರ್ ೧೮೮೬

‘ಗೃಹದೀಪಿಕೆ’ಯ ಮಾನ್ಯ ಸಂಪಾದಕರ ಸನ್ನಿಧಾನಕ್ಕೆ,

ಈ ಹಿಂದೆ ಕಳುಹಿಸಿದ್ದ ಕಡೆಯ ಅಧ್ಯಾಯವನ್ನು ರದ್ದುಪಡಿಸಿ, ಇದರೊಡನಿರುವುದನ್ನು ಅಚ್ಚಿಸಬೇಕಾಗಿ ವಿನಂತಿ. ಇದರಲ್ಲಿ ವಿವಾಹವಿಲ್ಲ. ಕ್ಲಾರಿಂಡಾ ಸ್ವಂತ ಕೈಯಿಂದ ಅಗೆದ ನೆಲದ ಮೇಲೆ ನಿಂತು ಬದುಕುತ್ತಾಳೆ; ತನ್ನನ್ನು ಉಳಿಸಲು ಬಂದವನನ್ನು ತಾನೇ ಎಳೆದು ಉಳಿಸಿ, ಅವನನ್ನು ಒಂದು ಪ್ರಶ್ನೆ ಕೇಳುತ್ತಾಳೆ. ಕಥೆ ಆ ಪ್ರಶ್ನೆಗೆ ನಿಲ್ಲುತ್ತದೆ.

ಮೂವತ್ತು ವರ್ಷಗಳಲ್ಲಿ ನಾನು ತಮ್ಮಿಂದ ಯಾವ ಉಪಕಾರವನ್ನೂ ಬೇಡಿದವಳಲ್ಲ. ಇದನ್ನು ಬೇಡುತ್ತಿದ್ದೇನೆ. ಒಬ್ಬ ಹೆಣ್ಣುಮಗಳ ನೆಲವೂ ನೆಮ್ಮದಿಯೂ ಇದರ ಮೇಲೆ ನಿಂತಿವೆ.

ವಿಧೇಯಳಾದ
ಡೋರ್ಕಸ್ ವಿಟ್‌ಕಮ್

*

‘ಗೃಹದೀಪಿಕೆ’ ಕಾರ್ಯಾಲಯ
೨೦ ಅಕ್ಟೋಬರ್ ೧೮೮೬

ಮಾನ್ಯೆ ಮಿಸ್ ವಿಟ್‌ಕಮ್ ಅವರಿಗೆ,

ತಮ್ಮ ಹೊಸ ಅಧ್ಯಾಯವನ್ನು ಗೌರವದಿಂದ ಓದಿದೆವು. ತಮ್ಮ ಇತ್ತೀಚಿನ ಅನಾರೋಗ್ಯವನ್ನು ಬಲ್ಲೆವಾದ್ದರಿಂದ ಹೆಚ್ಚೇನೂ ಹೇಳುವುದಿಲ್ಲ. ಉಪಕಾರಿಯನ್ನು ಸಂಶಯಿಸುವ ನಾಯಕಿಯನ್ನು ನಮ್ಮ ಓದುಗ ಕುಟುಂಬಗಳ ಮುಂದಿಡಲಾರೆವು. ವಿವಾಹದ ದೃಶ್ಯಕ್ಕೆ ಚಿತ್ರವನ್ನು ಆಗಲೇ ಕೆತ್ತಿಸಿಯಾಗಿದೆ; ತಮ್ಮ ಮೂಲ ಅಧ್ಯಾಯವನ್ನೇ ಚಿಕ್ಕಪುಟ್ಟ ತಿದ್ದುಪಡಿಗಳೊಡನೆ ಪ್ರಕಟಿಸುತ್ತಿದ್ದೇವೆ. ಓದುಗರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಲ್ಲವೇ?

ತಮ್ಮ ಮುಂದಿನ ಧಾರಾವಾಹಿಯೂ ಬಯಲುಸೀಮೆಯದೇ ಆದರೆ ಓದುಗರಿಗೆ ಪ್ರಿಯವಾದೀತು.

ತಮ್ಮ ವಿಶ್ವಾಸಿ,
ಸಂಪಾದಕ

*

ಬೆಲ್‌ಫರ್ಡ್ ಬಳಿ, ಡಕೋಟ
೫ ಡಿಸೆಂಬರ್ ೧೮೮೬

‘ಗೃಹದೀಪಿಕೆ’ಯ ಸಂಪಾದಕರಿಗೆ,

ತಮ್ಮ ಪತ್ರಕ್ಕೆ ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ನಾನು ಪ್ರಯಾಣದಲ್ಲಿದ್ದೆ. ಅರವತ್ತೆಂಟರ ಹೆಂಗಸು ರೈಲಿನಲ್ಲಿ ಒಬ್ಬಳೇ ಇಷ್ಟು ದೂರ ಬರುವುದನ್ನು ನನ್ನ ಕಥೆಯೊಂದರಲ್ಲಿ ಬರೆದಿದ್ದರೆ ತಾವು ನಂಬತಕ್ಕದ್ದಲ್ಲವೆಂದು ಕೆಂಪು ಗೆರೆ ಎಳೆಯುತ್ತಿದ್ದಿರಿ.

ತಮ್ಮ ಕಡೆಯ ಕಂತು ನಾನು ಬಂದ ವಾರವೇ ಇಲ್ಲಿ ತಲುಪಿತು. ಭಾನುವಾರದ ಆರಾಧನೆಯ ನಂತರ ಮಿಸೆಸ್ ಪೀವಿಯವರು ಅದನ್ನು ಸಭೆಯ ಮುಂದೆಯೇ ಓದುವರೆಂದು ಗೊತ್ತಾಗಿತ್ತು. ಸ್ಟ್ರೌಡ್ ಎಂಬಾತ ಮೊದಲ ಸಾಲಿನಲ್ಲಿ ಹೊಸ ಕೋಟು ತೊಟ್ಟು, ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದನು. ನನ್ನ ಸೋದರನ ಮಗಳನ್ನು ಅವನ ಪಕ್ಕದಲ್ಲಿ ಕೂರಿಸಲು ಜಾಗ ಬಿಟ್ಟಿದ್ದರು. ಅವಳು ನನ್ನ ಪಕ್ಕದಲ್ಲಿ ಕುಳಿತಳು. ಮದುವೆಯ ಗಂಟೆಗಳು ಮೊಳಗುವವರೆಗೂ ನಾನು ತಾಳ್ಮೆಯಿಂದ ಕೇಳಿದೆ. ಬಳಿಕ ಎದ್ದು ನಿಂತು, ಡಿ. ವಿಟ್‌ಕಮ್ ಎಂಬುವರು ನಾನೇ ಎಂದೂ, ಈಗ ಓದಿದ ಅಂತ್ಯವನ್ನು ನಾನು ಹಿಂತೆಗೆದುಕೊಂಡಿರುವೆನೆಂದೂ, ನನ್ನ ಅಂತ್ಯವನ್ನು ಓದಲು ಅಪ್ಪಣೆಯಾಗಬೇಕೆಂದೂ ಕೇಳಿದೆ. ಪಾದ್ರಿಗಳು ಮರುಮಾತಾಡುವ ಮೊದಲೇ, “ಓದ್ಲಿ ಬಿಡಿ ಸ್ವಾಮಿ, ಬರೆದೋರು ಅವರು, ನಾನು ಬರೀ ಓದೋಳು” ಎಂದು ಮಿಸೆಸ್ ಪೀವಿಯವರು ಕುಳಿತರು.

ನಾನು ಓದಿದೆ. ಸುಟ್ಟ ನೆಲದ ಮೇಲೆ ಮಲಗಿದ್ದವನನ್ನು ಕ್ಲಾರಿಂಡಾ ಕೇಳುತ್ತಾಳೆ: ನಿನ್ನ ಬಣವೆಗಳ ಸುತ್ತ ನೀನು ಉತ್ತದ್ದು ಯಾವ ದಿನ?

ಮಿಸೆಸ್ ಪೀವಿಯವರು ಕುಳಿತಲ್ಲಿಂದಲೇ ಮುಂದಿನ ಸಾಲಿಗೆ ಬಾಗಿ, “ಹೌದಲ್ಲಪ್ಪಾ ಏಮ್ರಿ, ಯಾವತ್ತು ಉತ್ತೆ?” ಎಂದರು.

ಅವನು ತಿರುಗಿ ಬಹಳ ವಿನಯದಿಂದ ಹೇಳಿದನು: “ಹಿಂದಿನ ದಿನ. ಕಥೇಲಿ ಬೆಂಕಿ ಬರೋದಿತ್ತಲ್ಲಮ್ಮಾ, ಅದಕ್ಕೇ.”

“ಆ ಕಂತು ಬಂದಿದ್ದು ಬೆಂಕಿ ಆದ್ಮೇಲೆ ಕಣೋ. ಟಪಾಲಿನ ಕಟ್ಟು ಬಿಚ್ಚಿದ್ದು ನಾನೇ.”

“ಅಮ್ಮನೋರು ನಂಗೆ ಮುಂಚೇನೇ ಬರೆದು ತಿಳಿಸಿದ್ರು” ಎಂದು ಅವನು ನನ್ನ ಕಡೆ ನೋಡಿ ತಲೆಬಾಗಿದನು. “ಅವರು ಬರೆದ ಹಾಗೇ ಆಗಬೇಕಿತ್ತು. ತಾನಾಗೇ ಆಗ್ಲಿಲ್ಲ.”

ಸಂಪಾದಕರೇ, ಅವನ ಮುಖದಲ್ಲಿ ಅಪರಾಧದ ಛಾಯೆಯಿರಲಿಲ್ಲ. ನನ್ನ ಕಡೆ ನೋಡಿದ್ದು ತನ್ನ ಕೆಲಸವನ್ನು ನೆಟ್ಟಗೆ ಮಾಡಿ ಒಡೆಯನ ಮುಖ ನೋಡುವ ಆಳಿನಂತೆ. ಸಭೆಯಲ್ಲಿ ಕುಳಿತವರು ಮೆಲ್ಲಗೆ ಅವನಿಂದ ಸರಿದು ಕುಳಿತರು. ಕೆಲವರು ನನ್ನಿಂದಲೂ ಸರಿದರು, ಅದು ನ್ಯಾಯವೇ. ಕೊನೆಗೆ ಮಿಸೆಸ್ ಪೀವಿಯವರು ಲೊವೀನಾಳ ಮುಂದೆ ನಿಂತು, “ಎರಡನೇ ಸಾಕ್ಷಿಗೆ ನಾನು ಬರ್ತೀನಿ. ಐದು ವರ್ಷದಿಂದ ನಿಂಗೆ ಸೀಮೆಎಣ್ಣೆ ಅಳೆದು ಕೊಟ್ಟೋಳು ನಾನೇ ಅಲ್ವಾ. ಊಟದ ವಿಷಯ ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡ” ಎಂದರು. ಭೂಕಚೇರಿಯ ಕೆಲಸ ಕಳೆದ ವಾರ ನೆರವೇರಿತು. ನೆಲ ಅವಳದಾಯಿತು.

ನ್ಯಾಯಾಧೀಶರು ಇಲ್ಲಿಗೆ ಬರುವುದು ವಸಂತಕ್ಕೆ. ಹುಲ್ಲು ಸುಟ್ಟುದಕ್ಕೆ ಅಂಥ ದೊಡ್ಡ ಶಿಕ್ಷೆಯೇನೂ ಇಲ್ಲವಂತೆ. ಅಲ್ಲಿಯವರೆಗೆ ಅವನು ಅವನ ಮನೆಯಲ್ಲಿಯೇ ಇದ್ದಾನೆ, ಅರ್ಧ ಮೈಲಿ ದೂರ. ನೀರನ್ನು ಬೇರೆಲ್ಲಿಂದಲೋ ತರುತ್ತಾನೆ. ನಿನ್ನೆ ನಾನು ಬಾವಿಯ ಬಳಿಯಿದ್ದಾಗ ಸರಹದ್ದಿನ ಗೂಟದ ಆಚೆ ಬಂದು ನಿಂತನು. ಸುತ್ತಿದ್ದ ಬಟ್ಟೆ ಬಿಚ್ಚಿದ ಕೈಯಿಂದ ಕಷ್ಟಪಟ್ಟು ಟೋಪಿ ಎತ್ತಿದನು.

“ಅಮ್ಮಾ, ಮುಂದಿನ ಕಥೆ ಯಾವಾಗ ಶುರು ಮಾಡ್ತೀರಿ?” ಎಂದನು. “ಈಗ ಮನೇ ತುಂಬ ಜನ ಆಗಿದೀರಿ. ನೀವು ಎಲ್ಲಿ ಮಲಗ್ತೀರಿ?”

ಲೊವೀನಾ ಬಾಗಿಲಲ್ಲಿ ನಿಂತಿದ್ದಳು. ಗುನ್‌ಹಿಲ್ಡ್ ಕೊಡಲಿಯನ್ನು ಕೆಳಗಿಡಲಿಲ್ಲ. ನಾನು ಬಿಂದಿಗೆ ಎತ್ತಿಕೊಂಡು ಒಳಗೆ ಬಂದೆ.

ಈ ಮನೆಯಲ್ಲಿ ಈಗ ಮೂರು ಮಂಚಗಳಿವೆ. ಊರು ನನಗೆ ಬಹಳ ದೂರವಾಯಿತು; ಇಲ್ಲಿಯೇ ಇರುತ್ತೇನೆ. ಅಂದು ಮೆಟ್ಟಿಲ ಮೇಲೆ ನಾನಾಡಿದ ಆ ಹಳೆಯ ಮಾತನ್ನು ಲೊವೀನಾ ಇನ್ನೂ ಎತ್ತಿಲ್ಲ. ಬಯಲುಸೀಮೆಯ ಇನ್ನೊಂದು ಧಾರಾವಾಹಿಯನ್ನು ತಾವು ಕೇಳಿದ್ದಿರಿ. ಕ್ಷಮಿಸಬೇಕು. ಓದುಗರಿಗೆ ನನ್ನ ನಮಸ್ಕಾರ ತಿಳಿಸಿ; ಡಿ. ವಿಟ್‌ಕಮ್ ಹೆಂಗಸೆಂದೂ ತಿಳಿಸಿ. ಆದರೆ ಮನೆಯೊಳಗನ್ನು ಹೊಸದಾಗಿ ಹೇಗೆ ಜೋಡಿಸಿಕೊಂಡಿದ್ದೇವೆ, ಬಾಗಿಲಿಗೆ ಈಗ ಯಾವ ಬಣ್ಣ, ಯಾರ ಮಂಚ ಯಾವ ಗೋಡೆಗೆ ಒತ್ತಿದೆ ಎಂಬುದನ್ನು ತಮಗೂ ಬರೆಯಲಾರೆ.

ಇಂತು,
ಡೋರ್ಕಸ್ ವಿಟ್‌ಕಮ್